ಕಾಣದ ಕಪ್ಪುಕುಳಿಯ ತೂಕ ಗೊತ್ತಾಗುವುದು ಹೇಗೆ? ಲೆಕ್ಕ ಸಮೇತ ಹೇಳಿ

ಅಮಾವಾಸ್ಯೆ:
ನಮ್ಮ ಆಕಾಶಗಂಗೆಯ ನಡುವೆ ಇರುವ ಸ್ಯಾಜಿಟೇರಿಯಸ್ ಎ* ಕಪ್ಪುಕುಳಿ ಸೂರ್ಯನ 43 ಲಕ್ಷ ಪಟ್ಟು ತೂಗುತ್ತದೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಹಳೆಯ ಲೇಖನಗಳಲ್ಲಿ 40 ಲಕ್ಷ, ಇನ್ನೂ ಹಳೆಯವುಗಳಲ್ಲಿ 26 ಲಕ್ಷ ಅಂತಲೂ ಇದೆ. ಬೆಳಕೇ ಹೊರಗೆ ಬರದ ವಸ್ತುವನ್ನು ಯಾವ ತಕ್ಕಡಿಗೆ ಹಾಕಿದರು? "ಗುರುತ್ವದಿಂದ ಅಳೆದರು" ಅನ್ನುವ ಒಂದು ಸಾಲಿನ ಉತ್ತರ ಬೇಡ. ಕ್ಯಾಲ್ಕ್ಯುಲೇಟರ್ ಹಿಡಿದು ನಾನೇ ಮಾಡಿ ನೋಡಬಹುದಾದ ಲೆಕ್ಕ ಬೇಕು. ಪಿಯುಸಿ ಗಣಿತ ಬರುತ್ತದೆ, ಟೆನ್ಸರ್ ಗಿನ್ಸರ್ ಬರುವುದಿಲ್ಲ.

ಕಕ್ಷೆಗಾರ:
ಟೆನ್ಸರ್ ಬೇಕಿಲ್ಲ, ಕೆಪ್ಲರ್‌ನ ಮೂರನೇ ನಿಯಮ ಸಾಕು. ಬೇಕಾದ ಅಂಕಿ ಮೂರೇ ಮೂರು. ಕಪ್ಪುಕುಳಿಯನ್ನು ಸುತ್ತುವ ಎಸ್2 ನಕ್ಷತ್ರದ ಸುತ್ತುಕಾಲ 16.05 ವರ್ಷ. ಅದರ ಕಕ್ಷೆಯ ಅರ್ಧ ದೀರ್ಘಾಕ್ಷ ಆಕಾಶದಲ್ಲಿ 0.125 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ನಮ್ಮಿಂದ ಅಲ್ಲಿಗೆ ದೂರ 8,277 ಪಾರ್ಸೆಕ್. (ಕೆಕ್ ದೂರದರ್ಶಕದ ತಂಡ ಇದೇ ನಕ್ಷತ್ರವನ್ನು ಎಸ್0-2 ಅನ್ನುತ್ತದೆ. ಎರಡು ಬೇರೆ ನಕ್ಷತ್ರ ಅಂದುಕೊಳ್ಳಬೇಡಿ.)

ಮೊದಲು ಕೋನವನ್ನು ದೂರವಾಗಿ ಬದಲಿಸಿ. ಆರ್ಕ್‌ಸೆಕೆಂಡನ್ನು ಪಾರ್ಸೆಕ್‌ನಿಂದ ಗುಣಿಸಿದರೆ ನೇರವಾಗಿ ಖಗೋಳಮಾನ ಬರುತ್ತದೆ, ಪಾರ್ಸೆಕ್ ಅನ್ನುವ ಅಳತೆ ಹುಟ್ಟಿದ್ದೇ ಹಾಗೆ. 0.125 × 8,277 = 1,035 ಖಗೋಳಮಾನ. ಅಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರದ 1,035 ಪಟ್ಟು.

ಈಗ ಆ ಸಂಖ್ಯೆಯ ಘನ: 110.87 ಕೋಟಿ. ಸುತ್ತುಕಾಲದ ವರ್ಗ: 257.6. ಭಾಗಿಸಿ. 43.04 ಲಕ್ಷ.

ಉತ್ತರ ಸೂರ್ಯನ ಲೆಕ್ಕದಲ್ಲೇ ಬರುವುದಕ್ಕೆ ಕಾರಣವೂ ಸರಳ. ಭೂಮಿಗೆ ಅಕ್ಷ 1, ಕಾಲ 1, ಭಾಗಿಸಿದರೆ 1 ಸೂರ್ಯ. ದೂರ ಖಗೋಳಮಾನದಲ್ಲಿ, ಕಾಲ ವರ್ಷದಲ್ಲಿ ಇದ್ದರೆ ಜಿ, ಪೈ ಯಾವುದೂ ಬೇಡ. ಎಸ್2ರ ಸ್ವಂತ ತೂಕ ಸುಮಾರು 14 ಸೂರ್ಯ ಅಷ್ಟೇ, 43 ಲಕ್ಷದ ಎದುರು ಬಿಟ್ಟುಬಿಡಬಹುದು.

ಎರಡನೇ_ದಶಮಾಂಶ:
ಈ ಲೆಕ್ಕ ಮಾಡುವವರು ಎಡವುವುದು ಮೂರೇ ಜಾಗದಲ್ಲಿ. ಬಂದ ಉತ್ತರ ನೋಡಿಯೇ ತಪ್ಪು ಎಲ್ಲಿ ಅಂತ ಹೇಳಿಬಿಡಬಹುದು.

ಸುಮಾರು 15 ಕೋಟಿ ಬಂತಾ? ಪಾರ್ಸೆಕ್ ಜಾಗದಲ್ಲಿ 27,000 ಜ್ಯೋತಿರ್ವರ್ಷವನ್ನೇ ಹಾಕಿದ್ದೀರಿ. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ, ಅದರ ಘನ ಸುಮಾರು 35, ತಪ್ಪೂ ಅಷ್ಟೇ ಪಟ್ಟು. 3.4 ಕೋಟಿ ಬಂತಾ? ಅರ್ಧ ಅಕ್ಷದ ಬದಲು ಪೂರ್ತಿ ಅಕ್ಷ ತಗೊಂಡಿದ್ದೀರಿ, ಎಂಟು ಪಟ್ಟು ಹೆಚ್ಚು. 259 ಬಂತಾ? ಘನ, ವರ್ಗ ಅದಲು ಬದಲಾಗಿವೆ.

ಇನ್ನೊಂದು ಮಾತು. ದೂರದಲ್ಲಿ ಶೇ. 5 ತಪ್ಪಿದರೆ ತೂಕದಲ್ಲಿ ಶೇ. 16 ತಪ್ಪುತ್ತದೆ, ಏಕೆಂದರೆ ದೂರ ಘನವಾಗಿ ಕೂತಿದೆ. 8,277 ತೆಗೆದು ದುಂಡಗೆ 8,000 ಪಾರ್ಸೆಕ್ ಹಾಕಿ ನೋಡಿ, 38.8 ಲಕ್ಷಕ್ಕೆ ಇಳಿಯುತ್ತದೆ. 40 ಲಕ್ಷದ ಆಸುಪಾಸಿನ ಹಳೆಯ ಅಂಕಿಗಳಿಗೆ ದೊಡ್ಡ ಕಾರಣ ಇದೇ. 26 ಲಕ್ಷದ ಕತೆ ಬೇರೆ. 1990ರ ದಶಕದಲ್ಲಿ ಯಾವ ನಕ್ಷತ್ರದ ಕಕ್ಷೆಯೂ ಸಾಕಷ್ಟು ಕಂಡಿರಲಿಲ್ಲ. ಹಲವು ನಕ್ಷತ್ರಗಳ ವೇಗಗಳ ಹರವನ್ನು ನೋಡಿ, ಅವು ಎಲ್ಲ ದಿಕ್ಕಿಗೂ ಸಮನಾಗಿ ಓಡುತ್ತಿವೆ ಅಂತ ಊಹಿಸಿ ತೂಕ ತೆಗೆಯುತ್ತಿದ್ದರು. 2002ರಲ್ಲಿ ಎಸ್2 ಹತ್ತಿರದ ಬಿಂದುವನ್ನು ಹಾದು ತಿರುಗಿದ ಮೇಲೆ ಆ ಊಹೆಯ ಹಂಗು ತಪ್ಪಿತು.

ಅಮಾವಾಸ್ಯೆ:
43 ಲಕ್ಷ ಬಂತು, ಭಲೇ. ಆದರೆ 0.125 ಅನ್ನುವುದನ್ನೇ ಕೈಗೆ ಕೊಟ್ಟುಬಿಟ್ಟಿರಲ್ಲ ಸರ್. ಪ್ರಕಟವಾದ ಕಕ್ಷೆಯ ಚಿತ್ರವನ್ನು ಪ್ರಿಂಟ್ ಹಾಕಿ ಸ್ಕೇಲಿಟ್ಟರೆ ಅಷ್ಟು ಬರುತ್ತಿಲ್ಲ. ಅದಿರಲಿ, ಕಪ್ಪುಕುಳಿ ದೀರ್ಘವೃತ್ತದ ನಾಭಿಯಲ್ಲಿ ಇರಬೇಕು ತಾನೇ? ಚಿತ್ರದಲ್ಲಿ ಅದು ನಾಭಿಯಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ಕೆಪ್ಲರ್ ನಿಯಮ ಅಲ್ಲಿ ನಡೆಯುವುದಿಲ್ಲವೋ?

ಕಕ್ಷೆಗಾರ:
ನಡೆಯುತ್ತದೆ. ನೀವು ನೋಡುತ್ತಿರುವುದು ಕಕ್ಷೆಯನ್ನಲ್ಲ, ಆಕಾಶದ ಮೇಲೆ ಬಿದ್ದ ಅದರ ನೆರಳನ್ನು. ಎಸ್2ರ ಕಕ್ಷೆಯ ಸಮತಲ ಆಕಾಶದ ಸಮತಲಕ್ಕೆ ಸುಮಾರು 45 ಡಿಗ್ರಿ ಓರೆಯಾಗಿದೆ. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದರೆ ಅಂಚು ದೀರ್ಘವೃತ್ತವಾಗಿ ಕಾಣುತ್ತದೆ, ನಡುಬಿಂದು ನಡುವೆಯೇ ಉಳಿಯುತ್ತದೆ. ಕಕ್ಷೆಗೂ ಅಷ್ಟೇ: ಕೇಂದ್ರ ಕೇಂದ್ರಕ್ಕೇ ಬೀಳುತ್ತದೆ, ಆದರೆ ನಾಭಿ ನಾಭಿಗೆ ಬೀಳುವುದಿಲ್ಲ. ಕಪ್ಪುಕುಳಿ ಎಷ್ಟು ಸರಿದಿದೆ ಅನ್ನುವುದರಲ್ಲೇ ಓರೆಯ ಮಾಹಿತಿ ಅಡಗಿದೆ.

ನಿಮ್ಮ ಪ್ರಿಂಟಿನ ಮೇಲೆ ಇದನ್ನು ಮಾಡಿ. ಕಾಣುವ ದೀರ್ಘವೃತ್ತದ ಕೇಂದ್ರ ಗುರುತಿಸಿ. ಅಲ್ಲಿಂದ ಕಪ್ಪುಕುಳಿಯ ಮೂಲಕ ಗೆರೆ ಎಳೆದು ವೃತ್ತದ ಅಂಚು ಮುಟ್ಟಿಸಿ. ಮುಟ್ಟಿದ ಬಿಂದುವೇ ನಿಜವಾದ ಅತಿ ಸಮೀಪ ಬಿಂದು. ಕೇಂದ್ರದಿಂದ ಕಪ್ಪುಕುಳಿಗೆ ಎಷ್ಟು ಮಿ.ಮೀ., ಕೇಂದ್ರದಿಂದ ಆ ಬಿಂದುವಿಗೆ ಎಷ್ಟು ಮಿ.ಮೀ. ಅಂತ ಅಳೆದು ಭಾಗಿಸಿ. ಓರೆಯಾದಾಗ ಉದ್ದಗಳು ಬದಲಾಗುತ್ತವೆ, ಒಂದೇ ಗೆರೆಯ ಮೇಲಿನ ಅನುಪಾತ ಬದಲಾಗುವುದಿಲ್ಲ. ಹಾಗಾಗಿ ಬರುವುದು ನೇರವಾಗಿ ಉತ್ಕೇಂದ್ರತೆ. 0.88ರ ಹತ್ತಿರ ಬರಬೇಕು, ಪ್ರಕಟಿತ ಬೆಲೆ 0.884.

ಅರ್ಧ ದೀರ್ಘಾಕ್ಷಕ್ಕೆ ಮಾತ್ರ ಸ್ಕೇಲು ಸಾಲದು, ಏಳು ಅಜ್ಞಾತಗಳನ್ನು ಒಟ್ಟಿಗೆ ಹೊಂದಿಸಬೇಕು: ಕಾಲ, ಉತ್ಕೇಂದ್ರತೆ, ಸಮೀಪ ಬಿಂದು ದಾಟಿದ ದಿನ, ಅಕ್ಷ, ಮತ್ತೆ ಮೂರು ಕೋನ. ಸ್ಪ್ರೆಡ್‌ಶೀಟಿನ ಸಾಲ್ವರ್ ಸಾಕು.

ಎರಡನೇ_ದಶಮಾಂಶ:
ಸಾಲ್ವರ್ ಓಡಿಸುವವರಿಗೆ: ಯಾವ ದಿನ ನಕ್ಷತ್ರ ಕಕ್ಷೆಯಲ್ಲಿ ಎಲ್ಲಿತ್ತು ಅಂತ ಹೇಳುವ ಕೆಪ್ಲರ್ ಸಮೀಕರಣ ಬಿಡಿಸುವಾಗ ಕೋನ ರೇಡಿಯನ್‌ನಲ್ಲೇ ಇರಲಿ, ಸ್ಪ್ರೆಡ್‌ಶೀಟ್ ಡಿಗ್ರಿ ಅರ್ಥ ಮಾಡಿಕೊಳ್ಳುವುದಿಲ್ಲ. ನ್ಯೂಟನ್ ವಿಧಾನವನ್ನು ಎಲ್ಲರಂತೆ ಸರಾಸರಿ ಕೋನದಿಂದ (ನಕ್ಷತ್ರ ಒಂದೇ ವೇಗದಲ್ಲಿ ಸುತ್ತಿದ್ದರೆ ಇರುತ್ತಿದ್ದ ಕೋನ) ಶುರುಮಾಡಿದರೆ 0.884ರಂಥ ಉತ್ಕೇಂದ್ರತೆಗೆ ಸಮೀಪ ಬಿಂದುವಿನ ಹತ್ತಿರ ಉತ್ತರ ಎಲ್ಲೆಲ್ಲಿಗೋ ನೆಗೆಯುತ್ತದೆ. ಪೈ ಬೆಲೆಯಿಂದ ಶುರುಮಾಡಿ, ಆಗ ಕೈಕೊಡುವುದಿಲ್ಲ. ಮತ್ತೆ, ಚಿತ್ರದಲ್ಲಿ ಪೂರ್ವ ಎಡಕ್ಕಿರುತ್ತದೆ. ಚಿಹ್ನೆ ತಿರುಗಿಸದೆ ಹಾಕಿದರೆ ಕಕ್ಷೆಯೇನೋ ಹೊಂದುತ್ತದೆ, ಆದರೆ ನಕ್ಷತ್ರ ಉಲ್ಟಾ ದಿಕ್ಕಿಗೆ ಸುತ್ತುತ್ತದೆ.

ರೋಹಿತರೇಖೆ:
ಎಲ್ಲರೂ 8,277 ಪಾರ್ಸೆಕ್ ಅನ್ನು ದೇವರು ಕೊಟ್ಟ ಅಂಕಿಯಂತೆ ಬಳಸುತ್ತಿದ್ದೀರಿ. ಅದೂ ಇದೇ ನಕ್ಷತ್ರದಿಂದಲೇ ಬಂದದ್ದು, ಈ ಲೆಕ್ಕದ ಸೊಗಸು ಇರುವುದೇ ಅಲ್ಲಿ.

ಚಿತ್ರ ಕೊಡುವುದು ಕೋನದ ಚಲನೆ, ವರ್ಷಕ್ಕೆ ಇಷ್ಟು ಆರ್ಕ್‌ಸೆಕೆಂಡ್ ಅಂತ. ರೋಹಿತ ಕೊಡುವುದು ನಮ್ಮತ್ತ ಬರುವ, ದೂರ ಹೋಗುವ ವೇಗ, ಸೆಕೆಂಡಿಗೆ ಇಷ್ಟು ಕಿ.ಮೀ. ಅಂತ. ಒಂದೇ ಕಕ್ಷೆಯನ್ನು ಒಮ್ಮೆ ಕೋನದಲ್ಲಿ, ಒಮ್ಮೆ ಕಿಲೋಮೀಟರಿನಲ್ಲಿ ಅಳೆದಂತಾಯಿತು. ಎರಡರ ಅನುಪಾತವೇ ದೂರ. ರೋಹಿತಕ್ಕೆ ಬಳಸುವುದು ಹೈಡ್ರೋಜನ್ನಿನ ಬ್ರಾಕೆಟ್ ಗಾಮಾ ರೇಖೆ, 2.166 ಮೈಕ್ರೋಮೀಟರ್, ಅಂದರೆ ಅವಕೆಂಪು (ಇನ್‌ಫ್ರಾರೆಡ್) ಬೆಳಕು. ಅಳೆದ ವೇಗದಿಂದ ಭೂಮಿಯ ಓಟವನ್ನು ಕಳೆಯಲೇಬೇಕು. ಸೆಕೆಂಡಿಗೆ 30 ಕಿ.ಮೀ.ವರೆಗಿನ ಏರಿಳಿತ ಅದೊಂದರಿಂದಲೇ ಬರುತ್ತದೆ.

ಅವಕೆಂಪೇ ಯಾಕೆ ಅಂದರೆ ದೂಳು. ನಡುವಿನ ದೂಳಿನಿಂದ ಕಣ್ಣಿಗೆ ಕಾಣುವ ಬೆಳಕು ಸುಮಾರು 30 ಮ್ಯಾಗ್ನಿಟ್ಯೂಡ್ ಮಂಕಾಗುತ್ತದೆ, ಲಕ್ಷ ಕೋಟಿಯಲ್ಲಿ ಒಂದು ಫೋಟಾನ್ ಉಳಿದರೆ ಹೆಚ್ಚು. 2.2 ಮೈಕ್ರೋಮೀಟರಿನಲ್ಲಿ ಹತ್ತಕ್ಕೆ ಒಂದು ದಾಟಿ ಬರುತ್ತದೆ. ಅಲ್ಲಿ 10 ಮೀಟರ್ ಕನ್ನಡಿಯ ಬಿಡಿಸುವ ಶಕ್ತಿ ಸುಮಾರು 0.045 ಆರ್ಕ್‌ಸೆಕೆಂಡ್, ಅದೂ ವಾತಾವರಣದ ನಡುಕ ತಿದ್ದುವ ಅಡಾಪ್ಟಿವ್ ಆಪ್ಟಿಕ್ಸ್ ಇದ್ದರೆ. ಚಿಲಿಯ ನಾಲ್ಕು 8.2 ಮೀಟರ್ ದೂರದರ್ಶಕಗಳ ಬೆಳಕನ್ನು ಕೂಡಿಸುವ ಗ್ರಾವಿಟಿ ಉಪಕರಣಕ್ಕೆ 130 ಮೀಟರ್ ಹರವಿನಲ್ಲಿ 0.0035 ಆರ್ಕ್‌ಸೆಕೆಂಡ್.

ಮೋಸ ಹೋಗುವುದು ಇಲ್ಲಿ: ಎಸ್2ರ ಪಕ್ಕಕ್ಕೆ ಇನ್ನೊಂದು ಮಂಕು ನಕ್ಷತ್ರ ಬಂದರೆ ಎರಡೂ ಒಂದೇ ಚುಕ್ಕೆಯಾಗಿ ಬೆರೆತು, ಚುಕ್ಕೆಯ ನಡು ಆ ಕಡೆ ವಾಲುತ್ತದೆ. 2002ರ ಸಮೀಪ ಬಿಂದುವಿನ ಅಳತೆಗಳಿಗೆ ಕಪ್ಪುಕುಳಿಯ ಸುತ್ತಲಿನ ಅನಿಲದ ಹೊಳಪೇ ಬೆರೆತಿತ್ತು. ಎರಡನೇ ತೊಂದರೆ, ಅವಕೆಂಪು ಚಿತ್ರದಲ್ಲಿ ಕಪ್ಪುಕುಳಿ ಎಲ್ಲಿದೆ ಅಂತಲೇ ಸದಾ ಕಾಣುವುದಿಲ್ಲ, ರೇಡಿಯೋದಲ್ಲಿ ಕಾಣುತ್ತದೆ. ಎರಡು ನಕಾಶೆಗಳನ್ನು ಒಂದರ ಮೇಲೊಂದು ಕೂರಿಸಲು ಎರಡರಲ್ಲೂ ಕಾಣುವ ಗುರುತು ಬೇಕು. ಅದಕ್ಕೆ ಸಿಲಿಕಾನ್ ಮಾನಾಕ್ಸೈಡ್ ಮೇಸರ್ (ಲೇಸರ್‌ನಂಥದ್ದೇ, ಆದರೆ ರೇಡಿಯೋ ಅಲೆಯದ್ದು) ಹೊರಸೂಸುವ ಕೆಂಪು ದೈತ್ಯಗಳನ್ನು ಬಳಸುತ್ತಾರೆ. ಈ ಕೂರಿಸುವಿಕೆ ವರ್ಷ ವರ್ಷ ಚೂರು ಜಾರಿದರೂ ಕಕ್ಷೆ ಮುಚ್ಚಿಕೊಳ್ಳುವುದಿಲ್ಲ.

ಸಂಶಯಾತ್ಮ:
ಎಲ್ಲ ಸರಿ ಸ್ವಾಮಿ. ಇಷ್ಟರಿಂದ ಗೊತ್ತಾದದ್ದು ಅಲ್ಲಿ 43 ಲಕ್ಷ ಸೂರ್ಯರ ತೂಕ ಇದೆ ಅಂತ ಮಾತ್ರ. ಅದು ಬ್ಲ್ಯಾಕ್ ಹೋಲ್ ಅಂತ ಯಾರು ಹೇಳಿದರು? ಸತ್ತ ನಕ್ಷತ್ರಗಳ ರಾಶಿ, ನ್ಯೂಟ್ರಾನ್ ತಾರೆಗಳ ಗುಂಪು ಯಾಕಾಗಬಾರದು? 2020ರ ನೊಬೆಲ್ ಪ್ರಶಸ್ತಿಯಲ್ಲೂ ಗೆಂಜೆಲ್, ಗೇಜ್ ಇಬ್ಬರಿಗೂ "ಅತಿಭಾರದ ಅಡಕ ವಸ್ತು" ಅಂತಲೇ ಬರೆದಿದ್ದಾರೆ, ಬ್ಲ್ಯಾಕ್ ಹೋಲ್ ಅಂತಲ್ಲ.

ಕಕ್ಷೆಗಾರ:
ನೊಬೆಲ್ ಸಮಿತಿಯ ಮಾತು ಎಚ್ಚರದ ಮಾತು, ನಿಮ್ಮ ಪ್ರಶ್ನೆಯೂ ನ್ಯಾಯವಾದದ್ದೇ. ಉತ್ತರ ಹಂತ ಹಂತವಾಗಿ ಬಿಗಿಯಾಗುತ್ತದೆ.

ಅತಿ ಸಮೀಪ ದೂರ: 1,035 × (1 − 0.884) = 120 ಖಗೋಳಮಾನ. ಅಷ್ಟೂ ತೂಕ ಆ ಗೋಳದ ಒಳಗಿರಬೇಕು. ನ್ಯೂಟ್ರಾನ್ ತಾರೆಗಳನ್ನು ಅಷ್ಟು ಒತ್ತಾಗಿ ತುಂಬಿದರೆ ಒಂದನ್ನೊಂದು ಎಳೆದಾಡಿ ಕೆಲವು ಹೊರಗೆ ಸಿಡಿಯುತ್ತವೆ, ಉಳಿದವು ಇನ್ನೂ ಒತ್ತಾಗಿ ಕುಸಿಯುತ್ತವೆ. ಗ್ಯಾಲಕ್ಸಿಯ ವಯಸ್ಸಿಗೆ ಹೋಲಿಸಿದರೆ ಅಂಥ ಗುಂಪು ಬಾಳುವುದು ಅಲ್ಪಕಾಲ, ಕೊನೆಗೆ ಅದೂ ಕಪ್ಪುಕುಳಿಯೇ ಆಗುತ್ತದೆ.

ಎರಡನೆಯದು, ತೂಕ ಹರಡಿಕೊಂಡಿದ್ದರೆ ಎಸ್2ರ ಕಕ್ಷೆ ಸುತ್ತುವ ದಿಕ್ಕಿಗೆ ಎದುರಾಗಿ ತಿರುಗಬೇಕು. ಒಂದೇ ಬಿಂದುವಿನಲ್ಲಿದ್ದರೆ ಐನ್‌ಸ್ಟೈನ್ ಲೆಕ್ಕದಂತೆ ಸುತ್ತುವ ದಿಕ್ಕಿಗೇ ತಿರುಗಬೇಕು, ಪ್ರತಿ ಸುತ್ತಿಗೆ 12 ಆರ್ಕ್‌ಮಿನಿಟ್. 2020ರಲ್ಲಿ ಗ್ರಾವಿಟಿ ತಂಡ ಅಳೆದದ್ದು ಎರಡನೆಯದನ್ನು. ಕಕ್ಷೆಯೊಳಗೆ ಹರಡಿಕೊಂಡ ತೂಕ ಏನಾದರೂ ಇದ್ದರೆ ಅದು ಒಟ್ಟು ತೂಕದ ಶೇ. 0.1ಕ್ಕಿಂತ ಹೆಚ್ಚಿಲ್ಲ.

ಮೂರನೆಯದು, 2018ರಲ್ಲಿ ಅದೇ ಉಪಕರಣ ಅನಿಲದ ಹೊಳಪಿನ ಗಂಟುಗಳು ಸುತ್ತುವುದನ್ನು ಹಿಡಿಯಿತು. ಬೆಳಕಿನ ವೇಗದ ಸುಮಾರು ಶೇ. 30, ಒಂದು ಸುತ್ತಿಗೆ ಮುಕ್ಕಾಲು ಗಂಟೆಯ ಆಸುಪಾಸು. ಘಟನಾ ದಿಗಂತದ, ಅಂದರೆ ಬೆಳಕೂ ಹೊರಬರಲಾಗದ ಗಡಿಯ, ತ್ರಿಜ್ಯ 1.27 ಕೋಟಿ ಕಿ.ಮೀ., ಗಂಟುಗಳು ಓಡುತ್ತಿದ್ದದ್ದು ಅದರ ಮೂರ್ನಾಲ್ಕು ಪಟ್ಟು ದೂರದಲ್ಲಿ. ಅಷ್ಟು ಜಾಗದಲ್ಲಿ 43 ಲಕ್ಷ ಸೂರ್ಯರನ್ನು ತುಂಬಿ, ಅದು ಕಪ್ಪುಕುಳಿಯಲ್ಲ ಅನ್ನಬೇಕಾದರೆ ಕಂಡರಿಯದ ಹೊಸ ಭೌತವಿಜ್ಞಾನವೇ ಬೇಕು.

ರೋಹಿತರೇಖೆ:
ಇದಕ್ಕೊಂದು ಸ್ವತಂತ್ರ ತಾಳೆಯೂ ಇದೆ, ಕೈಯಲ್ಲೇ ಮಾಡಬಹುದು. 2018ರ ಮೇ ತಿಂಗಳಲ್ಲಿ ಎಸ್2 ಸಮೀಪ ಬಿಂದುವಿನಲ್ಲಿ ಸೆಕೆಂಡಿಗೆ ಸುಮಾರು 7,700 ಕಿ.ಮೀ. ವೇಗದಲ್ಲಿತ್ತು. ವೇಗದ ವರ್ಗವನ್ನು ಬೆಳಕಿನ ವೇಗದ ಎರಡರಷ್ಟರಿಂದ ಭಾಗಿಸಿ: ಸುಮಾರು 100 ಕಿ.ಮೀ./ಸೆ. ಇದು ನಕ್ಷತ್ರದ ಗಡಿಯಾರ ಓಟದಿಂದ ನಿಧಾನವಾದದ್ದು. ಇನ್ನು ಗುರುತ್ವದಿಂದ ನಿಧಾನವಾದದ್ದು: ದಿಗಂತ ತ್ರಿಜ್ಯದ ಅರ್ಧ 0.0425 ಖಗೋಳಮಾನ, ಅದನ್ನು 120ರಿಂದ ಭಾಗಿಸಿ 3 ಲಕ್ಷದಿಂದ ಗುಣಿಸಿದರೆ 106 ಕಿ.ಮೀ./ಸೆ. ಕೂಡಿಸಿದರೆ 200ರ ಆಸುಪಾಸು. ಮಾಮೂಲಿ ಡಾಪ್ಲರ್ ಕಳೆದ ಮೇಲೂ ರೋಹಿತರೇಖೆ ಇಷ್ಟು ಹೆಚ್ಚುವರಿ ಕೆಂಪಿನತ್ತ ಸರಿದಿರಬೇಕು. ಆ ವರ್ಷ ಅಳೆದಾಗ ಸರಿದಿತ್ತು.

ಸಂಶಯಾತ್ಮ:
ಒಪ್ಪಿದೆ. ಹಾಗಾದರೆ 2022ರಲ್ಲಿ ಬಿಟ್ಟ ಸ್ಯಾಜಿಟೇರಿಯಸ್ ಎ*ನ ಆ ಕಿತ್ತಳೆ ಬಳೆಯ ಚಿತ್ರದಿಂದ ಹೊಸದಾಗಿ ಏನು ತಿಳಿಯಿತು? ಮಸುಕಾಗಿದೆ ಬೇರೆ.

ಮಿಲಿಮೀಟರ್:
ಬಳೆಯ ವ್ಯಾಸ ತಿಳಿಯಿತು, ಅದೇ ದೊಡ್ಡದು. ಲೆಕ್ಕ ನೋಡಿ. ಸುತ್ತುವಿಕೆಯಿಲ್ಲದ ಕಪ್ಪುಕುಳಿಯ ನೆರಳಿನ (ಬಳೆಯ ನಡುವಿನ ಕಪ್ಪು ಭಾಗದ) ವ್ಯಾಸ ದಿಗಂತ ತ್ರಿಜ್ಯದ 5.2 ಪಟ್ಟು. 1.27 ಕೋಟಿ × 5.2 = 6.6 ಕೋಟಿ ಕಿ.ಮೀ., ಅಂದರೆ 0.44 ಖಗೋಳಮಾನ. 8,277ರಿಂದ ಭಾಗಿಸಿದರೆ 53 ಮೈಕ್ರೋ ಆರ್ಕ್‌ಸೆಕೆಂಡ್. ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಅಳೆದ ಬಳೆ 51.8, ಹೆಚ್ಚುಕಡಿಮೆ 2.3. ಒಂದು ಅಂಕಿ ಬಂದದ್ದು 120 ಖಗೋಳಮಾನ ದೂರದ ನಕ್ಷತ್ರದಿಂದ, ಇನ್ನೊಂದು ಬಂದದ್ದು ದಿಗಂತದ ಅಂಚಿನಿಂದ. ಎರಡೂ ಹೊಂದಿದವು.

ಮಸುಕು ಯಾಕೆ ಅಂದರೆ, 1.3 ಮಿ.ಮೀ. ಅಲೆಯನ್ನು ಭೂಮಿಯ ವ್ಯಾಸದಿಂದ ಭಾಗಿಸಿದರೆ 21 ಮೈಕ್ರೋ ಆರ್ಕ್‌ಸೆಕೆಂಡ್. ಭೂಮಿಯ ಮೇಲೆ ನಿಂತು ಆ ಅಲೆಯಲ್ಲಿ ಇದಕ್ಕಿಂತ ಚೂಪಾಗಿ ನೋಡಲಾಗದು. ಬಳೆಯ ಅಡ್ಡಗಲದಲ್ಲಿ ಹಿಡಿಯುವುದು ಎರಡೂವರೆ ಚುಕ್ಕೆ ಅಷ್ಟೇ.

ಈ ಚಿತ್ರಕ್ಕಾಗಿ 2017ರ ಏಪ್ರಿಲ್‌ನಲ್ಲಿ ಒಟ್ಟಿಗೆ ನೋಡಿದ್ದು ಎಂಟು ದೂರದರ್ಶಕ, ಆರು ಜಾಗ: ಚಿಲಿ, ಹವಾಯಿ ಎರಡರಲ್ಲೂ ಎರಡೆರಡು, ಅರಿಝೋನಾ, ಮೆಕ್ಸಿಕೋ, ಸ್ಪೇನ್, ದಕ್ಷಿಣ ಧ್ರುವ. ಎಲ್ಲವೂ ಎತ್ತರದ ಒಣ ಜಾಗ, ಮಿಲಿಮೀಟರ್ ಅಲೆಯನ್ನು ನೀರಾವಿ ಹೀರಿಬಿಡುತ್ತದೆ. ಎಲ್ಲ ಕಡೆಯೂ ಒಂದೇ ದಿನ ಆಕಾಶ ತಿಳಿಯಾಗಿರಬೇಕು, ಅದಕ್ಕೇ ಹತ್ತು ಹನ್ನೆರಡು ದಿನದ ಅವಧಿಯಲ್ಲಿ ಕೆಲವೇ ರಾತ್ರಿಗಳನ್ನು ಆರಿಸುತ್ತಾರೆ. ಪ್ರತಿ ಜಾಗದಲ್ಲೂ ಹೈಡ್ರೋಜನ್ ಮೇಸರ್ ಗಡಿಯಾರ. ಬಂದ ಸಂಕೇತವನ್ನು ಹಾರ್ಡ್ ಡಿಸ್ಕ್‌ಗಳಿಗೆ ತುಂಬಿ ವಿಮಾನದಲ್ಲಿ ಅಮೆರಿಕದ ಹೇಸ್ಟ್ಯಾಕ್‌ಗೂ ಜರ್ಮನಿಯ ಬಾನ್‌ಗೂ ಸಾಗಿಸಿದರು. ಇಂಟರ್‌ನೆಟ್‌ನಲ್ಲಿ ಕಳಿಸುವ ಗಾತ್ರವಲ್ಲ ಅದು. ದಕ್ಷಿಣ ಧ್ರುವದ ಡಿಸ್ಕ್‌ಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಇಳಿಯುವವರೆಗೆ ಅಲ್ಲೇ ಕೂತಿದ್ದವು.

ಎಂ87 ಅನ್ನುವ ಬೇರೆ ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ 2019ಕ್ಕೇ ಬಂದು, ನಮ್ಮದು ಮೂರು ವರ್ಷ ತಡವಾದದ್ದಕ್ಕೆ ಕಾರಣ ತೂಕವೇ. ದಿಗಂತದ ಹತ್ತಿರದ ಅನಿಲ ಇಲ್ಲಿ ಅರ್ಧ ಗಂಟೆಯ ಲೆಕ್ಕದಲ್ಲಿ ಒಂದು ಸುತ್ತು ಹಾಕುತ್ತದೆ. 650 ಕೋಟಿ ಸೂರ್ಯರ ತೂಕದ ಎಂ87ರಲ್ಲಿ ಅದೇ ಸುತ್ತಿಗೆ ಒಂದು ತಿಂಗಳು ಬೇಕು. ಭೂಮಿ ತಿರುಗುತ್ತಾ ಒಂದು ರಾತ್ರಿಯ ಮಾಹಿತಿ ಕೂಡುವಷ್ಟರಲ್ಲಿ ಸ್ಯಾಜಿಟೇರಿಯಸ್ ಎ* ರೂಪವೇ ಬದಲಾಗಿಬಿಡುತ್ತದೆ. ಜತೆಗೆ ನಡುವಿನ ಅನಿಲ ಚದುರಿಸಿ ಮಸುಕು ಮಾಡುತ್ತದೆ.

ಎರಡನೇ_ದಶಮಾಂಶ:
ಎಂ87 ವಿಷಯ ಬಂತಲ್ಲ, ಅಲ್ಲಿ ಒಂದು ಒಳ್ಳೆಯ ಜಗಳವಿತ್ತು. ನಕ್ಷತ್ರಗಳ ವೇಗ ನೋಡಿ ತೂಗಿದವರಿಗೆ 2011ರಲ್ಲಿ 660 ಕೋಟಿ ಸೂರ್ಯ ಬಂತು. ಸುತ್ತುವ ಅನಿಲದ ವೇಗ ನೋಡಿ ತೂಗಿದವರಿಗೆ 2013ರಲ್ಲಿ 350 ಕೋಟಿ. ಎರಡೂ ಎಚ್ಚರದ ಕೆಲಸವೇ. ಅನಿಲದ ಲೆಕ್ಕದಲ್ಲಿ ತಟ್ಟೆ ಇಷ್ಟು ಓರೆ, ಅನಿಲ ಶುದ್ಧ ಕೆಪ್ಲರ್ ವೃತ್ತದಲ್ಲಿ ಓಡುತ್ತದೆ ಅಂತ ಊಹಿಸಬೇಕಿತ್ತು. ಒಳಹರಿವು, ಹೊರಹರಿವು ಬೆರೆತಿದ್ದರೆ ಊಹೆ ಕೆಡುತ್ತದೆ.

ಬಳೆ ತೀರ್ಪು ಕೊಟ್ಟಿತು. 350 ಕೋಟಿಯಾಗಿದ್ದರೆ ನೆರಳು 21 ಮೈಕ್ರೋ ಆರ್ಕ್‌ಸೆಕೆಂಡ್, ಬಳೆಯಾಗಿ ಬಿಡಿಸಿಕೊಳ್ಳುತ್ತಲೇ ಇರಲಿಲ್ಲ. ಕಂಡದ್ದು 42. ದೂರ 1.68 ಕೋಟಿ ಪಾರ್ಸೆಕ್ ಹಾಕಿದರೆ 650 ಕೋಟಿ. ನೆರಳಿಗೆ ನೀವೇ ಲೆಕ್ಕ ಹಾಕಿದರೆ 40 ಬರುತ್ತದೆ, ಬೆಚ್ಚಬೇಡಿ. ಹೊಳೆಯುವ ಬಳೆ ನೆರಳಿನ ಅಂಚಿಗಿಂತ ಚೂರು ಹೊರಗಿರುತ್ತದೆ.

ಅಮಾವಾಸ್ಯೆ:
ಇವೆಲ್ಲ ದೈತ್ಯರ ಕತೆಯಾಯಿತು. ಹತ್ತಿಪ್ಪತ್ತು ಸೂರ್ಯರಷ್ಟಿರುವ ಚಿಕ್ಕ ಕಪ್ಪುಕುಳಿಗಳಿಗೂ ಇದೇ ಲೆಕ್ಕವೇ? ಸಿಗ್ನಸ್ ಎಕ್ಸ್-1 ಅಂಕಿ ಹಾಕಿ ತೋರಿಸಿದರೆ ಉಪಕಾರ.

ಕಕ್ಷೆಗಾರ:
ಅಲ್ಲಿ ಕಕ್ಷೆಯ ಚಿತ್ರವೇ ಇಲ್ಲ, ರೋಹಿತದ ಓಲಾಟ ಮಾತ್ರ. ಹಾಗಾಗಿ ಕೈಗೆ ಸಿಗುವುದು ಅರ್ಧ ಉತ್ತರ. ಸಂಗಾತಿ ನಕ್ಷತ್ರ 5.6 ದಿನಕ್ಕೊಮ್ಮೆ ಸುತ್ತುತ್ತಾ ಸೆಕೆಂಡಿಗೆ ಸುಮಾರು 75 ಕಿ.ಮೀ. ಹಿಂದೆ ಮುಂದೆ ಓಲಾಡುತ್ತದೆ. ವೇಗದ ಘನ × ದಿನ × 1.036 × 10⁻⁷ ಮಾಡಿ. 0.245 ಬರುತ್ತದೆ. ಸೂರ್ಯನ ಕಾಲು ಭಾಗ! ಇದೇನು ಕಪ್ಪುಕುಳಿ ಅನ್ನಬೇಡಿ, ಇದು ತೂಕವಲ್ಲ, "ದ್ರವ್ಯರಾಶಿ ಫಲನ". ಕಪ್ಪುಕುಳಿಯ ತೂಕದ ಘನವನ್ನು ಓರೆಕೋನದ ಸೈನ್ ಘನದಿಂದ ಗುಣಿಸಿ, ಇಬ್ಬರ ಒಟ್ಟು ತೂಕದ ವರ್ಗದಿಂದ ಭಾಗಿಸಿದರೆ ಈ 0.245 ಬರಬೇಕು.

2021ರ ಅಂಕಿ ಹಾಕಿ: ಕಪ್ಪುಕುಳಿ 21.2, ಸಂಗಾತಿ 40.6, ಓರೆ 27.5 ಡಿಗ್ರಿ. 9,528 × 0.0984 ÷ 3,819 = 0.2455. ಹೊಂದಿತು. ಈಗ ಓರೆಯನ್ನು 90 ಡಿಗ್ರಿ ಮಾಡಿ, ಸಂಗಾತಿಯನ್ನು ಹಾಗೇ ಬಿಡಿ. ಕಪ್ಪುಕುಳಿ 8.4ಕ್ಕೆ ಇಳಿಯುತ್ತದೆ. ಓರೆ ಗೊತ್ತಿಲ್ಲದೆ ತೂಕ ಹೇಳುವವರನ್ನು ನಂಬಬೇಡಿ.

ಅದೇ ಕಪ್ಪುಕುಳಿ 2021ಕ್ಕೆ ಮೊದಲು 14.8 ಇತ್ತು. ಬದಲಾದದ್ದು ದೂರ, 1,860 ಪಾರ್ಸೆಕ್‌ನಿಂದ 2,220ಕ್ಕೆ. ದೂರ ಹೆಚ್ಚಿದರೆ ಸಂಗಾತಿಯ ನಿಜವಾದ ಪ್ರಕಾಶ ಹೆಚ್ಚು, ಗಾತ್ರ ಹೆಚ್ಚು, ತೂಕ ಹೆಚ್ಚು, ಅದರ ಹಿಂದೆಯೇ ಕಪ್ಪುಕುಳಿಯದೂ. ರೇಡಿಯೋದಲ್ಲಿ ಕಾಣುವುದು ಕಪ್ಪುಕುಳಿಯ ಚಿಮ್ಮುಧಾರೆಯ ಬುಡ. ಸಂಗಾತಿಯ ಗಾಳಿ ಅದನ್ನು ಕಕ್ಷೆಯ ಒಂದೊಂದು ಜಾಗದಲ್ಲಿ ಒಂದೊಂದು ಪ್ರಮಾಣದಲ್ಲಿ ಮರೆಮಾಡುವುದರಿಂದ ಚುಕ್ಕೆ ಸರಿದಾಡುತ್ತದೆ. ಕಕ್ಷೆಯ ಪೂರ್ತಿ ಒಂದು ಸುತ್ತು ನೋಡಿ ಆ ಸರಿದಾಟವನ್ನು ಕಳೆದ ಮೇಲೆ ದೂರ ಅಳೆಯಲು ಬಳಸುವ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ಚುಕ್ಕೆ ಸರಿದಂತೆ ಕಾಣುವ ಕೋನ) ಸರಿಹೋಯಿತು.

ರೋಹಿತರೇಖೆ:
ಓರೆಯ ಗಲಾಟೆ ಇನ್ನೂ ಮುಗಿದಿಲ್ಲ. 2022ರಲ್ಲಿ ನಾಸಾದ ಐಎಕ್ಸ್‌ಪಿಇ ಉಪಗ್ರಹ ಸಿಗ್ನಸ್ ಎಕ್ಸ್-1ರ ಎಕ್ಸ್-ಕಿರಣದ ಧ್ರುವೀಕರಣ ಅಳೆದಾಗ ಶೇ. 4 ಬಂತು. 27 ಡಿಗ್ರಿ ಓರೆಗೆ ಅದು ಜಾಸ್ತಿ. ಒಳಗಿನ ಅನಿಲ ಕಕ್ಷೆಗಿಂತ ಹೆಚ್ಚು ಅಂಚಿನಿಂದ ಕಾಣುತ್ತಿದೆ ಅನ್ನುವುದು ಒಂದು ಅರ್ಥ. ಐಎಕ್ಸ್‌ಪಿಇ ನೋಡುವುದು 2ರಿಂದ 8 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಎಕ್ಸ್-ಕಿರಣ. ಅದರಾಚೆ 8ರಿಂದ 30 ಕೆಇವಿ ನೋಡುವ ಪೋಲಿಕ್ಸ್ ಉಪಕರಣ ತಯಾರಾದದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಇಸ್ರೋದ ಎಕ್ಸ್‌ಪೋಸ್ಯಾಟ್ ಮೇಲೆ 2024ರ ಜನವರಿ 1ರಂದು ಹಾರಿತು. ನಡುವೆ ಕಿರಣವನ್ನು ಚದುರಿಸುವ ತುಂಡು, ಸುತ್ತ ನಾಲ್ಕು ಎಕ್ಸ್-ಕಿರಣ ಗ್ರಾಹಕ. ಯಾವ ಕಡೆ ಎಷ್ಟು ಚದುರಿತು ಅನ್ನುವ ಏರುಪೇರೇ ಧ್ರುವೀಕರಣ.

ಓರೆಯ ತಲೆನೋವೇ ಬೇಡವಾದರೆ ಗಾಯಾ ಬಿಎಚ್3 ನೋಡಿ. ಅಲ್ಲಿ ಗಾಯಾ ಉಪಗ್ರಹ ಸಂಗಾತಿಯ ಓಲಾಟವನ್ನು ಆಕಾಶದಲ್ಲೇ ಅಳೆದಿದೆ, ಓರೆ ನೇರವಾಗಿ ಸಿಕ್ಕಿತು. 33 ಸೂರ್ಯ, ಸುಮಾರು 2,000 ಜ್ಯೋತಿರ್ವರ್ಷ, 2024ರಲ್ಲಿ ಪ್ರಕಟ.

ಸಂಶಯಾತ್ಮ:
ಕೊನೆಯ ಅನುಮಾನ. ಇಡೀ ವಿಶ್ವದ ತೂಕಕ್ಕೆ ದಿಗಂತ ತ್ರಿಜ್ಯ ಲೆಕ್ಕ ಹಾಕಿದರೆ ಸರಿಯಾಗಿ ವಿಶ್ವದಷ್ಟೇ ಬರುತ್ತದಂತೆ. ಹಾಗಾದರೆ ನಾವೇ ಒಂದು ಬ್ಲ್ಯಾಕ್ ಹೋಲ್ ಒಳಗಿದ್ದೇವೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಪ್ಪುಕುಳಿ ಅಂದರೆ ಭಯಂಕರ ಸಾಂದ್ರ, ವಿಶ್ವವೋ ಬಹುಪಾಲು ಖಾಲಿ. ಹೇಗೆ?

ಎರಡನೇ_ದಶಮಾಂಶ:
ಸಾಂದ್ರತೆಯ ಮಾತು ಮೊದಲು. ದಿಗಂತ ತ್ರಿಜ್ಯ ತೂಕಕ್ಕೆ ಸಮವಾಗಿ ಬೆಳೆಯುತ್ತದೆ, ಗಾತ್ರ ಅದರ ಘನವಾಗಿ. ಹಾಗಾಗಿ ತೂಕ ಹೆಚ್ಚಿದಷ್ಟೂ ಸರಾಸರಿ ಸಾಂದ್ರತೆ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಸ್ಯಾಜಿಟೇರಿಯಸ್ ಎ*ಗೆ ನೀರಿನ ಸಾವಿರ ಪಟ್ಟು. ಎಂ87ಗೆ ಘನ ಮೀಟರಿಗೆ 0.44 ಕೆ.ಜಿ., ನಾವು ಉಸಿರಾಡುವ ಗಾಳಿಗಿಂತ ತೆಳು. "ಕಪ್ಪುಕುಳಿ ಅಂದರೆ ಸಾಂದ್ರ" ಅನ್ನುವುದು ಚಿಕ್ಕವುಗಳಿಗೆ ಮಾತ್ರ ಸಲ್ಲುವ ಮಾತು.

ಆ ವಾಟ್ಸಾಪ್ ಲೆಕ್ಕ ತಪ್ಪಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಚಪ್ಪಟೆ ವಿಶ್ವದ ಸಾಂದ್ರತೆ ಅಂದರೆ ಹಬಲ್ ಸ್ಥಿರಾಂಕದ (ವಿಶ್ವ ಹಿಗ್ಗುವ ದರ) ವರ್ಗ × 3 ÷ (8 × ಪೈ × ಜಿ). ಬೆಳಕಿನ ವೇಗವನ್ನು ಹಬಲ್ ಸ್ಥಿರಾಂಕದಿಂದ ಭಾಗಿಸಿದರೆ ಹಬಲ್ ತ್ರಿಜ್ಯ, ಸುಮಾರು 1,400 ಕೋಟಿ ಜ್ಯೋತಿರ್ವರ್ಷ. ಆ ಗೋಳದೊಳಗಿನ ತೂಕ ತೆಗೆದು ದಿಗಂತ ತ್ರಿಜ್ಯದ ಸೂತ್ರಕ್ಕೆ ಹಾಕಿ. ಪೈ, ಜಿ, 3, 8 ಎಲ್ಲ ಹೊಡೆದುಹೋಗಿ ಅದೇ ಹಬಲ್ ತ್ರಿಜ್ಯ ವಾಪಸ್ ಬರುತ್ತದೆ. ಯಾವ ಚಪ್ಪಟೆ ವಿಶ್ವಕ್ಕೆ, ಯಾವ ಕಾಲದಲ್ಲಿ ಮಾಡಿದರೂ ಬರುತ್ತದೆ. ಇದು ಬೀಜಗಣಿತ, ವೀಕ್ಷಣೆಯಲ್ಲ. ಮೇಲಾಗಿ ಆ ಸೂತ್ರ ಸುತ್ತ ಖಾಲಿ ಇರುವ ಒಂಟಿ ವಸ್ತುವಿಗೆ ಬರೆದದ್ದು. ಎಲ್ಲ ಕಡೆಯೂ ಒಂದೇ ಸಮನೆ ತುಂಬಿಕೊಂಡು ಹಿಗ್ಗುತ್ತಿರುವ ವಿಶ್ವಕ್ಕೆ ಹೊರಗು ಅನ್ನುವುದೇ ಇಲ್ಲ.

ಅಮಾವಾಸ್ಯೆ:
ಎಲ್ಲ ಲೆಕ್ಕದಲ್ಲೂ ದೂರವೇ ಕಾಟ ಕೊಡುತ್ತಿದೆ. ದೂರ ಗೊತ್ತಿಲ್ಲದೆ ತೂಗುವ ದಾರಿ ಇಲ್ಲವೇ?

ರೋಹಿತರೇಖೆ:
ಇದೆ, ಅದಕ್ಕೆ ಅಡಿಪಾಯ ಹಾಕಿದವರು ಬೆಂಗಳೂರಿನವರೇ, ಸಿ. ವಿ. ವಿಶ್ವೇಶ್ವರ. ನೆಹರೂ ತಾರಾಲಯದ ಸಂಸ್ಥಾಪಕ ನಿರ್ದೇಶಕರು. ಅವರು ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪುಕುಳಿಗೆ ಗುರುತ್ವ ಅಲೆಯ ಪೊಟ್ಟಣಗಳನ್ನು ಬಡಿದು ನೋಡಿದರು, 1970ರಲ್ಲಿ ಪ್ರಕಟಿಸಿದರು. ಪೊಟ್ಟಣ ಅಗಲವಾಗಿದ್ದಾಗ ವಿಶೇಷವೇನೂ ಇಲ್ಲ. ಕಪ್ಪುಕುಳಿಯ ಗಾತ್ರಕ್ಕೆ ಇಳಿಸಿದ ಕೂಡಲೇ ಹಿಂದಿರುಗಿದ್ದು ಬೇಗ ಬೇಗ ಕ್ಷೀಣಿಸುವ ಕಂಪನ. ಬಡಿದದ್ದು ಏನೇ ಇರಲಿ, ಸ್ವರ ಅದೇ, ಅದನ್ನು ನಿರ್ಧರಿಸುವುದು ಕಪ್ಪುಕುಳಿ ಮಾತ್ರ.

ಸುತ್ತುವಿಕೆಯಿಲ್ಲದ್ದಕ್ಕೆ ಸೂತ್ರ: 12,076 ಹರ್ಟ್ಸ್ ÷ ಸೂರ್ಯಲೆಕ್ಕದ ತೂಕ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವ ಅಲೆ ಗ್ರಾಹಕ ಲೈಗೋ ಹಿಡಿದ, ಎರಡು ಕಪ್ಪುಕುಳಿಗಳ ವಿಲೀನದಲ್ಲಿ ಉಳಿದ ಕಪ್ಪುಕುಳಿ 62 ಸೂರ್ಯ. ಭಾಗಿಸಿದರೆ 195. ಅದು ಗರಿಷ್ಠದ ಶೇ. 67ರಷ್ಟು ಸುತ್ತುತ್ತಿತ್ತು, ಅದಕ್ಕೆ ಸ್ವರ ಸುಮಾರು 1.4 ಪಟ್ಟು ಏರುತ್ತದೆ, 273. ವಿಶ್ವ ಹಿಗ್ಗಿದ್ದಕ್ಕೆ 1.09ರಿಂದ ಭಾಗಿಸಿ, 250. ಲೈಗೋಗೆ ಕೇಳಿದ್ದು 250ರ ಆಸುಪಾಸು, ಸುಮಾರು 4 ಮಿಲಿಸೆಕೆಂಡಿನಲ್ಲಿ ಅಡಗಿತು.

ಕಕ್ಷೆಗಾರ:
ಆ 1.09 ಎಲ್ಲಿಂದ ಬಂತು ಅಂತಲೂ ಹೇಳಿಬಿಡಿ ಮೇಡಂ, ಇಲ್ಲವಾದರೆ ದೂರದ ಕಾಟ ತಪ್ಪಿತು ಅಂತ ಅವರು ಖುಷಿಪಡುತ್ತಾರೆ.

ರೋಹಿತರೇಖೆ:
ದೂರದಿಂದಲೇ! ಸ್ವರ ನೇರವಾಗಿ ಕೊಡುವುದು ಕೆಂಪು ಪಲ್ಲಟ ಸೇರಿದ ತೂಕ, ಅಂದರೆ 62 × 1.09, ಸುಮಾರು 67.6. ಪಲ್ಲಟ ಬಿಡಿಸಲು ದೂರ ಬೇಕು, ದೂರ ಸಿಗುವುದು ಅಲೆಯ ಎತ್ತರದಿಂದ. ಆ ಎತ್ತರ ಕಕ್ಷೆಯ ಓರೆಯನ್ನೂ ಅವಲಂಬಿಸಿದೆ: ಹತ್ತಿರವಿದ್ದು ಅಂಚಿನಿಂದ ಕಂಡರೂ, ದೂರವಿದ್ದು ಮೇಲಿನಿಂದ ಕಂಡರೂ ಹೆಚ್ಚುಕಡಿಮೆ ಒಂದೇ ಎತ್ತರ. ಅದಕ್ಕೇ 130 ಕೋಟಿ ಜ್ಯೋತಿರ್ವರ್ಷ ಅನ್ನುವ ಆ ದೂರದಲ್ಲಿ ಶೇ. 40ರಷ್ಟು ಅನಿಶ್ಚಿತತೆ ಇತ್ತು. ಎರಡು ಲೈಗೋಗಳೂ ಬಹುಪಾಲು ಒಂದೇ ಕಡೆ ವಾಲಿಕೊಂಡಿರುವುದರಿಂದ ಅಲೆಯ ಎರಡು ಧ್ರುವೀಕರಣಗಳನ್ನು ಬೇರ್ಪಡಿಸಲಾಗದು. ಬೇರೆ ಕೋನದಲ್ಲಿ ಕೂತ ಗ್ರಾಹಕ ಬೇಕು. 2017ರ ಆಗಸ್ಟ್‌ನಲ್ಲಿ ಇಟಲಿಯ ವರ್ಗೋ ಸೇರಿತು, ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ-ಇಂಡಿಯಾ ಕಟ್ಟುತ್ತಿರುವುದಕ್ಕೂ ಇದು ಒಂದು ಕಾರಣ.

ನಿಮ್ಮ ಶೀಟಿನಲ್ಲಿ 67.6 ಅನ್ನು ಹಾಗೇ ಇಟ್ಟು 1.09 ಜಾಗದಲ್ಲಿ 1.05 ಹಾಕಿ, ಆಮೇಲೆ 1.12 ಹಾಕಿ. ತೂಕ 64ರಿಂದ 60ಕ್ಕೆ ಇಳಿಯುವುದು ಕಾಣುತ್ತದೆ.